ಕ್ಯಾಮರಾ ಮತ್ತು ಅಪರಿಗ್ರಹ

ವಸ್ತುವೊಂದನ್ನು ಪ್ರೀತಿಸುವುದಕ್ಕೂ ಅದನ್ನು ತನ್ನದಾಗಿಸಿಕೊಂಡು ಬಚ್ಚಿಡುವುದಕ್ಕೂ ನಡುವಣ ಗೆರೆ ಎಲ್ಲಿದೆಯೆಂಬ ಪ್ರಶ್ನೆ ಧರ್ಮಚಿಂತಕರಿಗೆ ಬಹು ಹಳೆಯದು. ಜರ್ಮನಿಯ ಹಳೆಯ ರಿಫ್ಲೆಕ್ಸ್ ಕ್ಯಾಮರಾಗಳನ್ನು ಅರಸಿ ತಂದು ಕಪಾಟಿನಲ್ಲಿ ಜೋಡಿಸುವ ರಸಿಕರನ್ನು ಕಂಡಾಗ ಅದು ಮತ್ತೆ ನಮ್ಮೆದುರು ಬಂದು ನಿಲ್ಲುತ್ತದೆ. ಜೈನಾಚಾರ್ಯರಾದ ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುಗಳ ಲೆಕ್ಕದಿಂದ ಅಳೆಯಲು ಹೋಗದೆ, ಮನಸ್ಸು ಅವುಗಳಲ್ಲಿ ಎಚ್ಚರ ತಪ್ಪಿ ಮುಳುಗಿರುವ ಸ್ಥಿತಿಯಿಂದ ನಿರ್ಣಯಿಸಿದರು. ಆ ನಿರ್ಣಯ ಎಷ್ಟು ಸೂಕ್ಷ್ಮವಾದುದೆಂಬುದನ್ನು ನನಗೆ ಮನಗಾಣಿಸಿದ್ದು ಎಕ್ಸಾಕ್ಟಾ ಎಂಬ ಯಂತ್ರ.

ಡ್ರೆಸ್ಡನ್ ನಗರದ ಇಹಾಗೇ ಸಂಸ್ಥೆ 35 ಮಿಲಿಮೀಟರ್ ಅಗಲದ ಸಿನಿಮಾ ಫಿಲ್ಮಿಗೆಂದು ರಚಿಸಿ, 1936ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೋಕದ ಮುಂದಿಟ್ಟ ಕೀನೆ ಎಕ್ಸಾಕ್ಟಾದ ಶಿಲ್ಪಿ ಕಾರ್ಲ್ ನ್ಯುಷ್ಟರ್‌ಲೈನ್. ಶಟರಿನ ಗುಂಡಿಯನ್ನೂ ಫಿಲ್ಮ್ ಸುತ್ತುವ ಸನ್ನೆಯನ್ನೂ ಅವನು ಎಡಗೈಗೆ ಒಪ್ಪಿಸಿದ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಿಂದ ಹಿಡಿದು 12 ಸೆಕೆಂಡುಗಳವರೆಗೆ ಬೆಳಕನ್ನು ಒಳಬಿಡುವ ವೇಗಗಳನ್ನು ಕೊಟ್ಟ. ಅರ್ಧ ಮುಗಿದ ಸುರುಳಿಯನ್ನು ಒಳಗಿದ್ದಂತೆಯೇ ಕತ್ತರಿಸಲು ಒಂದು ಪುಟ್ಟ ಅಲಗನ್ನೂ ಇಟ್ಟ.

ಆದರೆ ತತ್ತ್ವಜಿಜ್ಞಾಸುವಿಗೆ ಇವೆಲ್ಲಕ್ಕಿಂತ ಮುಖ್ಯವಾದುದು ಅದರ ದರ್ಪಣ. ಮಸೂರದಿಂದ ಬಂದ ಬೆಳಕು 45 ಡಿಗ್ರಿ ಓರೆಯಾಗಿ ನಿಂತ ದರ್ಪಣವನ್ನು ತಾಕಿ, ಮೇಲಣ ಮಸಕು ಗಾಜಿನಲ್ಲಿ ಎಡಬಲ ಅದಲುಬದಲಾದ ಬಿಂಬವಾಗಿ ಮೂಡುತ್ತದೆ. ಗುಂಡಿ ಒತ್ತಿದೊಡನೆ ದರ್ಪಣ ಮೇಲಕ್ಕೆದ್ದು ಅದೇ ಬೆಳಕಿಗೆ ಫಿಲ್ಮಿನತ್ತ ದಾರಿ ಬಿಡುತ್ತದೆ. ಆಗ ನೋಡುವವನ ಕಣ್ಣಿಗೆ ಬರಿಯ ಕತ್ತಲೆ. ಈಚಿನ ಕ್ಯಾಮರಾಗಳಲ್ಲಿ ದರ್ಪಣ ತಾನಾಗಿ ಇಳಿದುಬರುವುದರಿಂದ ಈ ಕತ್ತಲೆ ನಿಮಿಷಾರ್ಧವೂ ಇರದು. ಹಳೆಯ ಎಕ್ಸಾಕ್ಟಾದಲ್ಲಾದರೋ ಸನ್ನೆಯನ್ನೆಳೆದು ಫಿಲ್ಮನ್ನು ಮುಂದಕ್ಕೆ ಸರಿಸುವವರೆಗೂ ಬಿಂಬ ಮರಳುವುದಿಲ್ಲ. ಹೀಗೆ, ಯಾವ ಕ್ಷಣವನ್ನು ತಾನು ಹಿಡಿದೆನೆಂದು ಛಾಯಾಗ್ರಾಹಕನು ಹೇಳಿಕೊಳ್ಳುವನೋ ಆ ಕ್ಷಣವೇ ಅವನಿಗೆ ಆ ಗಾಜಿನಲ್ಲಿ ಕಾಣಿಸದೆ ಹೋಯಿತು. ಅದರ ಹಿಂದಿನದನ್ನು ಕಂಡ, ಮುಂದಿನದನ್ನು ಕಾಣುವನು, ನಡುವಣದನ್ನು ಯಂತ್ರಕ್ಕೆ ಒಪ್ಪಿಸಿ ಕೈಬಿಟ್ಟ. ಸುರುಳಿ ಮುಗಿದು, ಕತ್ತಲೆಕೋಣೆಯ ದ್ರಾವಣದಿಂದ ಮೇಲೇಳುವವರೆಗೆ ಫಲ ಏನೆಂಬುದು ಅವನಿಗೆ ತಿಳಿಯದು. ಕೆಲಸವನ್ನು ಸಂಪೂರ್ಣ ಶ್ರದ್ಧೆಯಿಂದ ಮಾಡಿ, ಅದರ ಫಲದ ಮೇಲಿನ ಹಿಡಿತವನ್ನು ಮಾಡಿದ ಗಳಿಗೆಯಲ್ಲಿಯೇ ಸಡಿಲಿಸುವ ಈ ಅಭ್ಯಾಸವನ್ನು ನಾನು ಒಂದು ವ್ರತವೆಂದೇ ಭಾವಿಸುತ್ತೇನೆ.

ಇಂಥ ಯಂತ್ರಗಳ ಮೇಲಣ ಭಕ್ತಿ ನಿಷ್ಕಾರಣವಾದುದೇನೂ ಅಲ್ಲ. 1945ರ ಫೆಬ್ರವರಿಯಲ್ಲಿ ಡ್ರೆಸ್ಡನ್ನಿನ ಮೇಲೆ ಬಿದ್ದ ಬಾಂಬುಗಳಿಂದ ಇಹಾಗೇ ಕಾರ್ಖಾನೆ ನಾಶವಾಯಿತು; ನ್ಯುಷ್ಟರ್‌ಲೈನ್ ಯುದ್ಧದಿಂದ ಹಿಂದಿರುಗಲಿಲ್ಲ. ಆದರೂ ಆ ಬೂದಿಯ ನಗರದಲ್ಲಿ ಉಳಿದವರು ಎಕ್ಸಾಕ್ಟಾವನ್ನು ಮತ್ತೆ ಕಟ್ಟಿದರು; ಬಿಂಬದ ಎಡಬಲಗಳನ್ನು ಪ್ರಿಸಮ್ಮಿನಿಂದ ಸರಿಪಡಿಸಿ ಕಣ್ಣಿನ ಮಟ್ಟದಲ್ಲಿಯೇ ತೋರಿಸುವ ಕಾಂಟಾಕ್ಸ್ ಎಸ್ 1949ರಲ್ಲಿ ಅಲ್ಲಿಂದಲೇ ಹೊರಬಂದಿತು. ಪಶ್ಚಿಮ ಜರ್ಮನಿಯಲ್ಲಿ ಸ್ಟುಟ್‌ಗಾರ್ಟಿನ ಕಾಂಟಾರೆಕ್ಸ್, ವೆಟ್ಸ್‌ಲಾರಿನ ಲೈಕಾಫ್ಲೆಕ್ಸ್ ಹುಟ್ಟಿದುವು. ಇವುಗಳನ್ನು ಗುಜರಿಯ ಪಾಲಾಗದಂತೆ ಕಾಪಾಡಿದ ಸಂಗ್ರಾಹಕನಿಗೆ ನಾವು ಋಣಿಗಳೇ.

ಆದರೆ ಕಾಪಾಡುವ ಕೈಯೇ ಎಲ್ಲಿ ಕೊಲ್ಲತೊಡಗುತ್ತದೆಂಬುದನ್ನು ಶಟರ್ ಬಲ್ಲುದು. ವರ್ಷಗಟ್ಟಲೆ ಓಡದೆ ನಿಂತರೆ ಒಳಗಿನ ಜಿಡ್ಡು ಗಟ್ಟಿಯಾಗಿ ನಿಧಾನದ ವೇಗಗಳು ಸ್ತಂಭಿಸುವುವು. ರಬ್ಬರು ಲೇಪಿಸಿದ ಬಟ್ಟೆಯ ಪರದೆ ಪೆಡಸಾಗಿ ಬಿರಿದು ಸೂಜಿಮೊನೆಯಷ್ಟು ರಂಧ್ರಗಳಿಂದ ಬೆಳಕು ಸೋರುವುದು. ಹೊರಗೆ ಕ್ರೋಮಿಯಮ್ಮಿನ ಹೊಳಪು ಅಖಂಡವಾಗಿರುವಾಗಲೇ ಒಳಗೆ ಯಂತ್ರ ಸತ್ತಿರಬಹುದು, ಮತ್ತು ಒಡೆಯನಿಗೆ ಅದು ತಿಳಿಯದೆಯೂ ಇರಬಹುದು. ಉಮಾಸ್ವಾತಿಗಳು ಹೇಳಿದ ಆ ಎಚ್ಚರಗೇಡಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋರದು.

ಜೈನಧರ್ಮ ಗೃಹಸ್ಥನಿಗೆ ಮುನಿಯ ಸರ್ವತ್ಯಾಗವನ್ನು ವಿಧಿಸಲಿಲ್ಲ. ತನ್ನ ಸ್ವತ್ತಿಗೆ ತಾನೇ ಒಂದು ಮೇರೆ ಹಾಕಿಕೊಳ್ಳುವ ಪರಿಗ್ರಹಪರಿಮಾಣವನ್ನು ವಿಧಿಸಿತು. ಕ್ಯಾಮರಾಗಳ ವಿಷಯದಲ್ಲಿ ಆ ಮೇರೆ ಯಾವುದೆಂದು ಕೇಳಿದರೆ, ಋತುವಿಗೊಮ್ಮೆಯಾದರೂ ಫಿಲ್ಮ್ ತುಂಬಿ ನಡೆಸಲು ತನಗೆ ಸಾಧ್ಯವಾಗುವಷ್ಟೇ ಎಂಬುದು ನನ್ನ ಉತ್ತರ. 35 ಮಿಲಿಮೀಟರ್ ಫಿಲ್ಮ್ ಇಂದಿಗೂ ತಯಾರಾಗುತ್ತಿದೆ. ನಿಮ್ಮ ಕಪಾಟಿನಲ್ಲಿ ಅಂಥದೊಂದು ಕ್ಯಾಮರಾ ಇದ್ದರೆ ದಯವಿಟ್ಟು ಹೊರತೆಗೆಯಿರಿ, ಎಲ್ಲ ವೇಗಗಳಲ್ಲಿಯೂ ಶಟರನ್ನು ಓಡಿಸಿರಿ, ಫಿಲ್ಮ್ ತುಂಬಿರಿ. ಬಿಡುವಿಲ್ಲವಾದರೆ ಬಳಸುವ ಕಿರಿಯರೊಬ್ಬರ ಕೈಗೆ ಅದನ್ನು ಕೊಟ್ಟುಬಿಡಿರಿ.