ಉಪ್ಪಿನ ಪೊಟ್ಟಣ

ನಾನು ಚಿಕ್ಕವಳಿದ್ದಾಗ, ಅಂದರೆ 1960ರ ದಶಕದ ಕೊನೆಯಲ್ಲಿ, ಯುಗಾದಿ, ಹೊಸತೊಡಕು ಮುಗಿದ ಮೇಲೆ ನಮ್ಮ ಮನೆಯ ಗಂಡಸರು ಬಲೆ, ದೊಣ್ಣೆ, ನಾಯಿಗಳೊಂದಿಗೆ ಮಾಕಳಿದುರ್ಗದ ತಪ್ಪಲಿಗೆ ಮೊಲದ ಬೇಟೆಗೆ ಹೊರಡುತ್ತಿದ್ದರು. ರೈಲು ಹಳಿ ದಾಟಿ ಬಂಡೆಗಳ ನಡುವಿನ ಕುರುಚಲು ಕಾಡು ಹೊಕ್ಕರೆ ಮರಳುವುದು ಮಾರನೆಯ ದಿನವೇ. ಬೇಟೆ ಅವರದು, ಬುತ್ತಿ ಅಮ್ಮನದು.

ಬುತ್ತಿ ಕಟ್ಟುವುದೆಂದರೆ ದೊಡ್ಡ ಲೆಕ್ಕಾಚಾರ. ಬಿಸಿಲಿಗೆ ಸಾರು ಹಳಸುತ್ತದೆ, ಅದು ಬೇಡ. ಈರುಳ್ಳಿ ಹಾಕಿ ತಟ್ಟಿದ ರಾಗಿರೊಟ್ಟಿ ಮೊದಲ ಹೊತ್ತಿಗೆ, ಬರೀ ರೊಟ್ಟಿ ಮಾರನೆಯ ದಿನಕ್ಕೆ. ಹುಚ್ಚೆಳ್ಳಿನ ಚಟ್ನಿಪುಡಿಗೆ ನೀರಿನ ಕೈ ಸೋಕಬಾರದು. ಹುರಿಹಿಟ್ಟು, ಬೆಲ್ಲದ ಗಂಟು ಬೇರೆ. ನೀರೊಂದಿದ್ದರೆ ಸಾಕು, ಒಲೆ ಬೇಕಿಲ್ಲ. ತಲೆಗಿಷ್ಟು ಎಂದು ಎಣಿಸಿ, ನಾಯಿಗಳನ್ನೂ ಲೆಕ್ಕಕ್ಕೆ ಸೇರಿಸಿ, ಮೇಲೆ ಎರಡು ರೊಟ್ಟಿ ಇಡುತ್ತಿದ್ದಳು. ಕೊನೆಗೆ ಮುತ್ತುಗದ ಎಲೆಯಲ್ಲಿ ಉಪ್ಪು, ಖಾರದಪುಡಿಯ ಪೊಟ್ಟಣ. ಸಿಕ್ಕ ಮೊಲವನ್ನು ಅಲ್ಲೇ ಸುಟ್ಟು ತಿನ್ನುವುದಕ್ಕೆ.

ಒಂದು ವರ್ಷ ಅಪ್ಪ ತಂದ ಮೊಲವನ್ನು ಹಿತ್ತಿಲಲ್ಲಿ ಸುಲಿಯುವಾಗ ಅಮ್ಮ ನೀರು ಹಾಕುತ್ತಿದ್ದಳು. ಹೊಟ್ಟೆಯೊಳಗೆ ಮೂರು ಮರಿಗಳಿದ್ದವು. ಅಮ್ಮ ಮಾತಾಡಲಿಲ್ಲ. ಸಾರು ಮಾಡಿದಳು, ಎಲ್ಲರಿಗೂ ಬಡಿಸಿದಳು, ತಾನು ಮಜ್ಜಿಗೆ ಕುಡಿದು ಮಲಗಿದಳು.

ಮರುವರ್ಷದ ಬುತ್ತಿಯಲ್ಲಿ ಹತ್ತು ರೊಟ್ಟಿ ಹೆಚ್ಚಿಗೆ ಇತ್ತು. ಉಪ್ಪಿನ ಪೊಟ್ಟಣ ಇರಲಿಲ್ಲ.

ಮರಳಿ ಬಂದ ಅಪ್ಪ ಕೇಳಿದ: “ಉಪ್ಪು ಮರೆತಿದ್ದೇನೇ?”

“ಮರೆತಿಲ್ಲ. ರೊಟ್ಟಿ ಸಾಲದೆ ಬಂತಾ?”

“ಇಲ್ಲ, ಮಿಕ್ಕಿತು.”

“ಹಂಗಾದ್ರೆ ಸರಿ.”

ಅಪ್ಪನ ಹೆಗಲಲ್ಲಿ ಎರಡು ಮೊಲ ತೂಗುತ್ತಿದ್ದವು. ಉಪ್ಪನ್ನು ಜೊತೆಯವರಿಂದ ಪಡೆದಿದ್ದರಂತೆ. ಅಮ್ಮನ ಹಟದಿಂದ ಒಂದು ಜೀವವೂ ಉಳಿಯಲಿಲ್ಲ. ಹಾಗಾದರೆ ಅದು ವ್ಯರ್ಥವೇ?

ಮಹಾಭಾರತದ ಧರ್ಮವ್ಯಾಧ ಮಾಂಸ ಮಾರುತ್ತಿದ್ದ, ತಾನು ಕೊಲ್ಲುತ್ತಿರಲಿಲ್ಲ. ನೇಗಿಲು ಹೂಡಿದರೂ ನೆಲದೊಳಗಿನ ಜೀವಗಳು ಸಾಯುತ್ತವೆ, ಹಿಂಸೆ ತಪ್ಪಿಸಿಕೊಂಡವರು ಯಾರು ಎಂದು ಕೌಶಿಕನನ್ನು ಕೇಳುತ್ತಾನೆ. ಆ ಕೌಶಿಕನನ್ನು ಅವನ ಬಳಿಗೆ ಕಳಿಸಿದವಳು ಒಬ್ಬ ಗೃಹಿಣಿ, ಗಂಡನ ಉಪಚಾರದಲ್ಲಿದ್ದು ಭಿಕ್ಷೆಗೆ ಬಂದವನನ್ನು ಕಾಯಿಸಿದವಳು. ವ್ಯಾಧನ ಮಾತು ನಿಜ. ನಮ್ಮ ರಾಗಿರೊಟ್ಟಿಯೂ ಉಳುಮೆಯಿಂದಲೇ ಬಂದದ್ದು. ಆದರೆ ಎಲ್ಲರ ಕೈಗೂ ರಕ್ತ ಅಂಟಿದೆ ಎಂದು ತಿಳಿದ ಮಾತ್ರಕ್ಕೆ ನಮ್ಮ ಕೈಯ ಲೆಕ್ಕ ನಾವು ಕೇಳಿಕೊಳ್ಳುವುದು ತಪ್ಪುತ್ತದೆಯೇ? ಬುತ್ತಿ ಹಸಿವಿಗೆ; ಉಪ್ಪು ಇನ್ನೂ ಸಾಯದ ಮೊಲಕ್ಕೆ. ಅಮ್ಮ ಆ ಎರಡನ್ನೂ ಬೇರೆ ಮಾಡಿದಳು. ಗಂಡನನ್ನು ತಡೆಯುವ ಶಕ್ತಿ ಅವಳಿಗಿರಲಿಲ್ಲ, ಉಪವಾಸ ಕಳಿಸುವ ಮನಸ್ಸೂ ಇರಲಿಲ್ಲ. ಅವಳ ಅಧಿಕಾರಕ್ಕೆ ಸೇರಿದ್ದು ಒಂದು ಪೊಟ್ಟಣ ಮಾತ್ರ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಇಂದು ಮೊಲ ಹಿಡಿಯುವುದೂ ಅಪರಾಧ. ಮೊಮ್ಮಕ್ಕಳು ಮಾಕಳಿದುರ್ಗಕ್ಕೆ ಹೋಗುವುದು ಕೋಟೆ ನೋಡಲು. ಅವರಿಗೂ ರೊಟ್ಟಿ ಕಟ್ಟುತ್ತೇನೆ, ಸೌತೆಕಾಯಿಗೆಂದು ಉಪ್ಪು ಖಾರ ಬೆರೆಸುತ್ತೇನೆ. ಪೊಟ್ಟಣ ಮಡಿಸುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ. ಮಗನ ವ್ಯವಹಾರ, ಗಂಡನ ಸಂಪಾದನೆ ಯಾವ ದಾರಿಯದೆಂದು ಕೇಳದೆ ನಾನು ದಿನವೂ ಕಟ್ಟಿಕೊಟ್ಟ ಡಬ್ಬಿಗಳು ನೆನಪಾಗುತ್ತವೆ. ಅವುಗಳಲ್ಲಿ ಯಾವುದರಿಂದ ಉಪ್ಪು ತೆಗೆದಿಡಬೇಕಿತ್ತು?