ಪರರ ಮರ, ನಮ್ಮ ಪ್ರಾಯಶ್ಚಿತ್ತ

ಲಾಭದ ನಿರೀಕ್ಷೆಯಿಂದ ಮಾಡಿದ ಸತ್ಕಾರ್ಯವು ಸತ್ಕಾರ್ಯವಾಗಿಯೇ ಉಳಿಯುವುದೇ? ನ್ಯೂಜಿಲೆಂಡಿನ ಗುಡ್ಡಗಾಡಿನ ರೈತರು ಈ ಹಳೆಯ ಪ್ರಶ್ನೆಯನ್ನು ಹೊಸ ರೂಪದಲ್ಲಿ ನಮ್ಮ ಮುಂದಿಟ್ಟಿದ್ದಾರೆ.

ಆ ನಾಡಿಗೆ ವಲಸೆ ಬಂದವರು ಕುರಿ ಮೇಯಿಸಲೆಂದು ಕಡಿದಾದ ಗುಡ್ಡಗಳ ಕಾಡನ್ನು ಕಡಿದು ಸುಟ್ಟು ಹುಲ್ಲುಗಾವಲು ಮಾಡಿದರು. ಬೇರುಗಳ ಹಿಡಿತ ತಪ್ಪಿದ ಮಣ್ಣು ಮಳೆಗೆ ಜಾರತೊಡಗಿತು. 1988ರ ಬೋಲಾ ಚಂಡಮಾರುತದಲ್ಲಂತೂ ಪೂರ್ವ ಕರಾವಳಿಯ ಇಳಿಜಾರುಗಳು ಕುಸಿದು ಹೊಳೆ ಸೇರಿದವು. ಈಗ ಅಂತಹ ಜಮೀನುಗಳಲ್ಲಿ ಕೆಲವರು ಮಾನುಕಾ ಎಂಬ ದೇಶೀಯ ಗಿಡವನ್ನು ನೆಡುತ್ತಿದ್ದಾರೆ. ಹಿಂದಿನ ರೈತರು ಕಳೆಯೆಂದು ಕಡಿದೊಗೆದ ಪೊದೆಯದು. ಅದರ ನೆರಳಿನಲ್ಲಿ ಹೆಮ್ಮರಗಳ ಸಸಿಗಳು ತಲೆಯೆತ್ತುತ್ತವೆ; ಅದರ ಹೂವಿನ ಜೇನು ಲೋಕದ ದುಬಾರಿ ಜೇನುಗಳಲ್ಲೊಂದು. (ಜೇನು ಕೂಡಿಡುವ ನೊಣ ಆ ದೇಶಕ್ಕೆ ತಲಪಿದ್ದು 1839ರಲ್ಲಿ, ಮೆಥೋಡಿಸ್ಟ್ ಧರ್ಮಪ್ರಚಾರಕರೊಬ್ಬರ ಸಹೋದರಿ ಮೇರಿ ಬಂಬಿಯವರೊಡನೆ.) ಇದಲ್ಲದೆ, 2008ರಿಂದ ಅಲ್ಲಿನ ಸರ್ಕಾರದ ಯೋಜನೆಯಂತೆ, ಹೊಸದಾಗಿ ಬೆಳೆದ ಕಾಡು ಹೀರಿಕೊಳ್ಳುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡಿಗೆ ಒಂದು ಕಾರ್ಬನ್ ಕ್ರೆಡಿಟ್ ದೊರೆಯುತ್ತದೆ. ಹೊಗೆಯುಗುಳುವ ಉದ್ಯಮಗಳು ಅದನ್ನು ಕೊಳ್ಳುತ್ತವೆ.

ರೈತನ ಆದಾಯವನ್ನು ನಾನು ದೂರಲಾರೆ. ದುಡಿದವನು ಕೂಲಿ ಪಡೆಯುವುದು ಶುಭಸಂದೇಶಕ್ಕೆ ಹೊರತಲ್ಲ. ಆದರೆ ಲಾಭವೊಂದೇ ದಾರಿ ತೋರಿದರೆ ಏನಾಗುವುದೆಂಬುದೂ ಅಲ್ಲಿಯೇ ಕಾಣುತ್ತದೆ. ಹೊರನಾಡಿನ ರೇಡಿಯೇಟಾ ಪೈನ್ ಬೇಗ ಬೆಳೆದು ಹೆಚ್ಚು ಕ್ರೆಡಿಟ್ ತರುವುದರಿಂದ ಬಹುಮಂದಿ ಅದನ್ನೇ ನೆಡುತ್ತಾರೆ. 2023ರ ಗೇಬ್ರಿಯೆಲ್ ಚಂಡಮಾರುತದಲ್ಲಿ, ಕಟಾವಾದ ಪೈನ್ ತೋಪುಗಳಲ್ಲಿ ಉಳಿದಿದ್ದ ದಿಮ್ಮಿ, ಕೊಂಬೆಗಳು ನೆರೆಯೊಡನೆ ಬಂದು ಸೇತುವೆಗಳಿಗೂ ಹೊಲಗಳಿಗೂ ಅಪ್ಪಳಿಸಿದವು.

ನನ್ನನ್ನು ಹೆಚ್ಚು ಕಾಡುವುದು ಕೊಳ್ಳುವವನ ಮನಸ್ಸಾಕ್ಷಿ. ಪಾಪನಿವೇದನೆಯಲ್ಲಿ ಗುರು ವಿಧಿಸಿದ ಪ್ರಾಯಶ್ಚಿತ್ತವನ್ನು ಹಣ ಕೊಟ್ಟು ನೆರೆಯವನಿಂದ ಮಾಡಿಸಿ, ಮರುದಿನ ಅದೇ ಪಾಪಕ್ಕೆ ಮರಳುವವನನ್ನು ನೀವು ಏನೆನ್ನುವಿರಿ? ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸಲು ಮುಂದಾದದ್ದು ತನ್ನ ಸ್ವಂತ ಆಸ್ತಿಯಿಂದ. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ, ಈ ಕ್ರೆಡಿಟ್ ವ್ಯಾಪಾರವು ಹೊಸ ಬಗೆಯ ಸಟ್ಟಾ ಆಗಬಹುದೆಂದೂ ಕೆಲವರ ಮಿತಿಮೀರಿದ ಭೋಗಕ್ಕೆ ನೆಪವಾಗಬಹುದೆಂದೂ ಎಚ್ಚರಿಸಿದ್ದರು.

ಕೊಳ್ಳುವವನ ಹಣವಿಲ್ಲದಿದ್ದರೆ ಆ ಗುಡ್ಡ ಇನ್ನೂ ಬೋಳಾಗಿಯೇ ಇರುತ್ತಿತ್ತಲ್ಲವೇ ಎಂದು ನೀವು ಕೇಳಬಹುದು. ನಿಜ. ಉಕ್ಕು, ಸಿಮೆಂಟಿನ ಕಾರ್ಖಾನೆಗಳು ಒಂದೇ ದಿನದಲ್ಲಿ ಹೊಗೆ ನಿಲ್ಲಿಸಲಾರವು. ಅವು ಮರಗಳಿಂದ ಒಂದಿಷ್ಟು ಕಾಲಾವಕಾಶವನ್ನು ಸಾಲ ಪಡೆಯಲಿ. ಆ ಅವಕಾಶದಲ್ಲಿ ಅವು ಏನು ಮಾಡುತ್ತಿವೆ ಎಂದು ಕೇಳುವ ಹಕ್ಕು ಮಾತ್ರ ನಮಗಿರಬೇಕು. ಅತ್ತ ರೈತನು ಆ ಕಾಡನ್ನು ತೆಗೆದುಹಾಕಿದರೆ ಪಡೆದ ಕ್ರೆಡಿಟ್‌ಗಳನ್ನು ಸರ್ಕಾರಕ್ಕೆ ಮರಳಿ ಒಪ್ಪಿಸಬೇಕು. ಅವನ ನಂತರ ಜಮೀನಿಗೆ ಬರುವ ಮಗನೂ ಮೊಮ್ಮಗನೂ ಆ ಮಾತಿಗೆ ಬದ್ಧರು. ಕೊಂಡವನ ಲೆಕ್ಕ ಹಣ ತೆತ್ತ ದಿನವೇ ಮುಗಿದಿರುತ್ತದೆ.