ಮಕ್ಕಳ ಆಟವೂ ಹಿರಿಯರ ಭಯವೂ

ಹ. ಯೂಸುಫ್(ಅ)ರನ್ನು ಆಟಕ್ಕೆ ಕಳುಹಿಸಿಕೊಡಿರೆಂದು ಅಣ್ಣಂದಿರು ಕೇಳಿದಾಗ ಹ. ಯಾಕೂಬ್(ಅ)ರಿಗೆ ತೋಳದ ಭಯವಾಯಿತು. ಆದರೆ ಆಟವೇ ತಪ್ಪೆಂದು ಅವರು ಹೇಳಲಿಲ್ಲ. ದ್ವೀಪದ ತಾಯ್ತಂದೆಯರಿಗೂ ಆ ಭಯವಿದೆ. ಅಲ್ಲಿ ತೋಳದ ಬದಲು ಕಡಲು.

ಲಕ್ಷದ್ವೀಪದಲ್ಲಿ ಜನರು ವಾಸಿಸುವ ದ್ವೀಪಗಳು 10. ಇಡೀ ದ್ವೀಪಸಮೂಹದ ನೆಲ 32 ಚದರ ಕಿ.ಮೀ. ಮಾತ್ರ. ನಿವಾಸಿಗಳಲ್ಲಿ ಬಹುಪಾಲು ಮುಸ್ಲಿಮರು. ಅಮೀನಿ, ಕಡಮತ್, ಕಿಲ್ತಾನ್ ಮೊದಲಾದವು 1956ರ ವರೆಗೆ ದಕ್ಷಿಣ ಕನ್ನಡಕ್ಕೇ ಸೇರಿದ್ದವು. ಹವಳದ ದಿಬ್ಬದೊಳಗಿನ ಆಳವಿಲ್ಲದ ತಿಳಿನೀರು, ಬಿಳಿ ಮರಳು, ತೆಂಗಿನ ನೆರಳು: ಇಂತಹ ಮೈದಾನವನ್ನು ಯಾವ ಇಲಾಖೆ ಕಟ್ಟಿಕೊಟ್ಟೀತು? ಮಳೆಗಾಲದ ಕಡಲಿನ ಮಾತು ಬೇರೆ. ಎಲ್ಲಿಯವರೆಗೆ ಇಳಿಯಬಹುದೆಂದು ಹಿರಿಯರೇ ಗೆರೆ ಎಳೆಯಬೇಕು, ನೀರಿನ ಬಳಿ ಕಣ್ಣಿಟ್ಟಿರಬೇಕು. ಗೆರೆಯೊಳಗೆ ಏನಾಡಬೇಕು, ಯಾರು ನಾಯಕ, ಸೋಗೆಯಿಂದ ದೋಣಿಯೋ ಮನೆಯೋ ಎಂಬುದು ಮಕ್ಕಳಿಗೆ ಬಿಟ್ಟದ್ದು.

ಹ. ಆಯಿಶಾ(ರ)ರೊಡನೆ ಗೊಂಬೆಯಾಡುತ್ತಿದ್ದ ಗೆಳತಿಯರು ಪ್ರವಾದಿವರ್ಯರನ್ನು(ಸ) ಕಂಡೊಡನೆ ಅಡಗಿಕೊಳ್ಳುತ್ತಿದ್ದರು. ಪ್ರವಾದಿವರ್ಯರು(ಸ) ಅವರನ್ನು ಮತ್ತೆ ಆಟಕ್ಕೇ ಕಳುಹಿಸುತ್ತಿದ್ದರು. ಆಟವನ್ನು ನಿಲ್ಲಿಸಿ ಉಪದೇಶ ಮಾಡಲಿಲ್ಲ. ಅವರು ಹೆಣ್ಣುಮಕ್ಕಳೆಂಬುದನ್ನೂ ಗಮನಿಸಿರಿ. ಹುಡುಗರನ್ನು ದಂಡೆಗೆ ಬಿಟ್ಟು ಹುಡುಗಿಯರನ್ನು ಅಂಗಳದೊಳಗೇ ಕೂರಿಸುವವರಿಗೆ ಇದರಲ್ಲಿ ಉತ್ತರವಿದೆ. ಕೆಲಸಕ್ಕೆ ಹೊರಟ ಬಾಲಕ ಹ. ಅನಸ್(ರ) ಪೇಟೆಯಲ್ಲಿ ಆಡುತ್ತಿದ್ದ ಮಕ್ಕಳ ಬಳಿ ನಿಂತಾಗ ಪ್ರವಾದಿವರ್ಯರು(ಸ) ಹಿಂದಿನಿಂದ ಬಂದು ಕತ್ತು ಹಿಡಿದು ನಕ್ಕರು. ನಾವಾದರೋ ಕಿವಿ ಹಿಂಡುತ್ತೇವೆ!

ಕತ್ತಲು ಕವಿಯುವಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕೆಂಬ ಆದೇಶ ಹದೀಸಿನಲ್ಲಿದೆ. ಹಾಗಾದರೆ ಅಲ್ಲಿಯವರೆಗೆ ಮಕ್ಕಳು ಹೊರಗಿದ್ದರೆಂದೇ ಅರ್ಥವಲ್ಲವೇ? ಅಸರ್‌ನಿಂದ ಮಗ್ರಿಬ್‌ವರೆಗಿನ ಆ ಹೊತ್ತನ್ನು ಟ್ಯೂಶನ್ನಿಗೂ ಮೊಬೈಲಿಗೂ ಹಂಚಿಕೊಟ್ಟವರು ನಾವೇ.